ಸಮುವೇಲಪ್ಪನವರ ನಂತರದ ಗುಟುಕು

1979ರಲ್ಲಿ ನಾನು ಹೆಬ್ಬಾಳದ ಹತ್ತಿರ ಒಂದು ಸಣ್ಣ ಮಿಷನ್ ಡಿಸ್ಪೆನ್ಸರಿಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಡಾಕ್ಟರು ಬರುತ್ತಿದ್ದದ್ದು ವಾರಕ್ಕೆರಡು ಸಲ. ಮಿಕ್ಕ ದಿನಗಳಲ್ಲಿ ಸುಟ್ಟ ಗಾಯಕ್ಕೂ ಬಾಣಂತಿಯ ಜ್ವರಕ್ಕೂ ನಾನೇ. ಮನೆ ಕೆಂಪಾಪುರದಲ್ಲಿ, ನಮ್ಮ ಚರ್ಚೂ ಅಲ್ಲೇ. ದೇವರು ನನ್ನನ್ನು ಉತ್ತರ ಭಾರತದ ಯಾವುದಾದರೂ ಮಿಷನ್ ಆಸ್ಪತ್ರೆಗೆ ಕರೆಯುತ್ತಾನೆಂದು ವರ್ಷಗಟ್ಟಲೆ ಕಾದಿದ್ದೆ. ಹಿಂದಿ ಕಲಿಯುವುದಕ್ಕೂ ಶುರುಮಾಡಿದ್ದೆ. ಕರೆ ಬಂದದ್ದು ನಮ್ಮದೇ ಬೀದಿಯ ಒಂದು ದನದ ಕೊಟ್ಟಿಗೆಗೆ.

ಸಮುವೇಲಪ್ಪನವರು ನಮ್ಮ ಚರ್ಚಿನ ಸಭೆಯ ಹಿರಿಯರು. ಪವಿತ್ರ ಭೋಜನದ ಭಾನುವಾರಗಳಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವುದು ನಮ್ಮ ಪದ್ಧತಿ. ಒಬ್ಬೊಬ್ಬರು ಕುಡಿದ ಮೇಲೂ ಪಾತ್ರೆಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸುತ್ತಾ ಸಭಾಪಾಲಕರ, ಅಂದರೆ ನಮ್ಮ ಪಾದ್ರಿಯವರ, ಪಕ್ಕ ನಡೆಯುತ್ತಿದ್ದವರು ಇವರೇ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಂಡಕಂಡ ಗಂಡಸರ ಮೈ ಮುಟ್ಟುವ ನರ್ಸು ಸಂಡೇ ಸ್ಕೂಲಿನಲ್ಲಿ ಪಾಠ ಹೇಳಬಾರದೆಂದು ಕಮಿಟಿಯಲ್ಲಿ ಎದ್ದು ನಿಂತು ಹೇಳಿದ್ದ ಮನುಷ್ಯ. ಹೊಗೆಸೊಪ್ಪು ಜಗಿದು ಜಗಿದು ಅವರ ಕೆನ್ನೆಯೊಳಗೆ ಕ್ಯಾನ್ಸರ್ ಆಯಿತು. ದೊಡ್ಡಾಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದರು. ಗೆಡ್ಡೆ ಚರ್ಮ ಒಡೆದುಕೊಂಡು ಹೊರಗೆ ಹೂಕೋಸಿನಂತೆ ಬೆಳೆಯಿತು. ವೈದ್ಯಭಾಷೆಯಲ್ಲಿ ಅದು ಫಂಗೇಟಿಂಗ್ ಗಾಯ. ಅದರ ವಾಸನೆ ಬಟ್ಟೆಗೆ ಹತ್ತಿದರೆ ಒಗೆದರೂ ಹೋಗುವುದಿಲ್ಲ. ಮಗ ಅವರ ಮಂಚವನ್ನು ಮನೆಯ ಹಿಂದಿನ ಖಾಲಿ ಕೊಟ್ಟಿಗೆಗೆ ಸಾಗಿಸಿದ.

ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲದಲ್ಲಿ ನಮ್ಮ ಸ್ತ್ರೀ ಸಮಾಜದವರು ಅವರ ಮನೆಯಲ್ಲೇ ಪ್ರಾರ್ಥನೆ ಇಟ್ಟುಕೊಂಡರು. ರೋಗಿ ಹಿಂದೆ ಕೊಟ್ಟಿಗೆಯಲ್ಲಿ, ರೋಗಿಗಾಗಿ ಪ್ರಾರ್ಥಿಸುವವರು ಮುಂದೆ ಪಡಸಾಲೆಯಲ್ಲಿ. ಊದುಬತ್ತಿಯನ್ನು ಎಂದೂ ಹಚ್ಚದ ಕ್ರೈಸ್ತರ ಮನೆಯಲ್ಲಿ ಅಂದು ಕಟ್ಟುಗಟ್ಟಲೆ ಊದುಬತ್ತಿ ಉರಿಯುತ್ತಿತ್ತು. ಸಮಾಜದ ಕಾರ್ಯದರ್ಶಿ ಗ್ರೇಸಮ್ಮ ಕಣ್ಣೀರು ಸುರಿಸುತ್ತಾ, ಕರ್ತನೇ, ನಿನ್ನ ದಾಸನ ಸೇವೆಗೆ ಯಾರನ್ನಾದರೂ ಕಳುಹಿಸು ಎಂದು ಬೇಡಿದರು. ಎಲ್ಲರೂ ಆಮೆನ್ ಅಂದರು. ಆಮೇಲೆ ಬೋಂಡ ಬಂತು. ಕೊಟ್ಟಿಗೆಯ ಕಡೆ ಒಬ್ಬರೂ ಹೋಗಲಿಲ್ಲ. ನಾಚಿಕೆಗೆಟ್ಟವರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆಮೆನ್ ಅಂದವರಲ್ಲಿ ಗಾಯ ತೊಳೆಯಲು ಗೊತ್ತಿದ್ದವಳು ನಾನೊಬ್ಬಳೇ ಎಂಬುದು ಅದರ ಹಿಂದೆಯೇ ಹೊಳೆಯಿತು. ಆಕಾಶವಾಣಿ ಏನೂ ಆಗಲಿಲ್ಲ. ಥೂ, ಇವರಿಗೆ ನಾನು ಮಾಡಬೇಕಾ ಅನ್ನಿಸಿತು, ಅಷ್ಟೇ. ಬೋಂಡದ ತಟ್ಟೆ ಕೆಳಗಿಟ್ಟು ಎದ್ದೆ.

ಕೆನ್ನೆಗೆ ಸುತ್ತಿದ್ದ ಹಳೇ ಪಂಚೆಯ ಚಿಂದಿ ಬಿಚ್ಚಿದಾಗ ಹುಳ ಕಂಡವು. ಎಷ್ಟೋ ಗಾಯ ನೋಡಿದ್ದ ನಾನೂ ಹೊರಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು, ಡಿಸ್ಪೆನ್ಸರಿಯಿಂದ ಸಾಮಾನು ತಂದೆ. ಟರ್ಪೆಂಟೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಗಾಯದ ಮೇಲೆ ಹಿಡಿದರೆ ಹುಳಗಳು ಉಸಿರಿಗಾಗಿ ಮೇಲೆ ಬರುತ್ತವೆ. ಫೋರ್ಸೆಪ್ಸ್ ಎಂಬ ಚಿಮುಟದಿಂದ ಒಂದೊಂದನ್ನೇ ತೆಗೆಯಬೇಕು. ಅವರ ಹೆಂಡತಿ ರಾಹೇಲಮ್ಮ ಬೋಗುಣಿ ಹಿಡಿದು ನಿಂತಿದ್ದರು. ಅಂದಿನಿಂದ ಡ್ಯೂಟಿ ಮುಗಿಸಿ ದಿನಾ ಸಂಜೆ ಹೋಗುತ್ತಿದ್ದೆ. ಹೋಗುವ ದಾರಿಯುದ್ದಕ್ಕೂ ದೇವರ ಜೊತೆ ಜಗಳ. ಹುಳ ನಿಂತವು, ಕೀವು ಕಡಿಮೆಯಾಯಿತು, ವಾಸನೆ ಹೋಗಲಿಲ್ಲ. ನನ್ನ ಅಸಹ್ಯವೂ ಹೋಗಲಿಲ್ಲ. ಮಾಡುತ್ತಾ ಮಾಡುತ್ತಾ ಪ್ರೀತಿ ಹುಟ್ಟುತ್ತದೆ ಅನ್ನುತ್ತಾರಲ್ಲ, ನನಗೆ ಹುಟ್ಟಲಿಲ್ಲ.

ಈಸ್ಟರ್ ಹತ್ತಿರ ಬಂದಾಗ ಅವರು ಒಂದೇ ಒಂದು ಆಸೆ ಹೇಳಿದರು. ಸಾಯುವುದರೊಳಗೆ ಚರ್ಚಿನಲ್ಲಿ ಮೊಣಕಾಲೂರಿ ಅದೇ ಪಾತ್ರೆಯಿಂದ ಒಮ್ಮೆ ಕುಡಿಯಬೇಕು. ಸುದ್ದಿ ತಿಳಿದು ಸಭೆಯಲ್ಲಿ ಗುಸುಗುಸು ಶುರುವಾಯಿತು. ಆ ಬಾಯಿ ಇಟ್ಟ ಪಾತ್ರೆಗೆ ನಾವು ಬಾಯಿ ಇಡಲ್ಲ ಎಂದು ಗ್ರೇಸಮ್ಮನ ಕಡೆಯವರು ಸಭಾಪಾಲಕರಿಗೆ ಹೇಳಿಯೇಬಿಟ್ಟರು. ಕೊಟ್ಟಿಗೆಗೇ ಬಂದು ಬೇರೆ ಲೋಟದಲ್ಲಿ ಕೊಡುತ್ತೇನೆ ಎಂದು ಸಭಾಪಾಲಕರು ಹೇಳಿಕಳಿಸಿದರು. ಮುದುಕರು ಬ್ಯಾಂಡೇಜಿನ ಸಂದಿಯಿಂದ ತೊದಲುತ್ತಾ ಹೇಳಿದರು, "ನಾನು ಸಭೆಯವನು ಕಣಮ್ಮ. ಕೊಟ್ಟಿಗೆಯವನಲ್ಲ."

ಸಭಾಪಾಲಕರ ಮನೆಗೆ ಹೋದೆ. ಕ್ಯಾನ್ಸರ್ ಅಂಟುರೋಗವಲ್ಲ ಎಂದು ವಿವರಿಸಿದೆ. ಅದು ಅವರಿಗೂ ಗೊತ್ತಿತ್ತು. ಹಾಗಾದರೆ ಎಲ್ಲರೂ ಕುಡಿದಾದ ಮೇಲೆ ಕೊನೆಯಲ್ಲಿ ಕೊಡಿ ಎಂದೆ. ಅವರು ನೆಲ ನೋಡಿದರು. ಆಗ ಅರ್ಥವಾಯಿತು. ಪ್ರತಿಷ್ಠೆ ಮಾಡಿದ ದ್ರಾಕ್ಷಾರಸವನ್ನು ಚೆಲ್ಲುವಂತಿಲ್ಲ. ಪಾತ್ರೆಯಲ್ಲಿ ಉಳಿದದ್ದನ್ನು ಪಾಲಕರೇ ಕುಡಿದು ಖಾಲಿ ಮಾಡಬೇಕು. ಮುದುಕರು ಕೊನೆಯವರಾದರೆ ಅವರ ಎಂಜಲು ಇವರ ಪಾಲು. ವಾರವಾರ ವಿಧೇಯತೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ಬಾಯಿ!

"ಅವರಾದ್ಮೇಲೆ ನಾನು ಕೂತ್ಕೋತೀನಿ ಅಯ್ಯನವರೇ. ಉಳಿದಿದ್ದೂ ನನಗೇ ಕೊಡಿ," ಎಂದೆ.

ಅವರ ಮುಖದಲ್ಲಿ ಮೂಡಿದ ನೆಮ್ಮದಿ ಕಂಡು ಮೈಯೆಲ್ಲ ಉರಿಯಿತು.

ಈಸ್ಟರ್ ಬೆಳಿಗ್ಗೆ ಗಾಯ ತೊಳೆದು, ಗಾಜ್ ಬಟ್ಟೆ ತುಂಬಿ, ಬಿಗಿಯಾಗಿ ಪಟ್ಟಿ ಕಟ್ಟಿದೆ. ಚರ್ಚಿನಲ್ಲಿ ಅವರ ಅಕ್ಕಪಕ್ಕದ ಬೆಂಚುಗಳು ಖಾಲಿ. ಎಲ್ಲರದೂ ಮುಗಿದ ಮೇಲೆ ರಾಹೇಲಮ್ಮ ಮತ್ತು ನಾನು ಹಿಡಿದುಕೊಂಡು ಅವರನ್ನು ವೇದಿಕೆಯ ಮುಂದಿನ ಕಟಾಂಜನದ ಬಳಿ ಮೊಣಕಾಲೂರಿಸಿದೆವು. ಪಾಲಕರು ದೂರದಿಂದಲೇ ಕೈ ಚಾಚಿ ಪಾತ್ರೆ ಹಿಡಿದರು. ಕುಡಿದದ್ದರಲ್ಲಿ ಸ್ವಲ್ಪ ಬಾಯಿಯ ಅಂಚಿನಿಂದ ಜೊಲ್ಲಿನ ಸಮೇತ ಪಾತ್ರೆಗೇ ಇಳಿಯಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಸಮುವೇಲಪ್ಪನವರ ಜಾಗಕ್ಕೆ ಬಂದಿದ್ದವನು ಬಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತ; ಅಂಚು ಒರೆಸಲಿಲ್ಲ. ಪಾತ್ರೆ ನನ್ನ ಕೈಗೆ ಬಂತು. ಉಳಿದದ್ದು ಒಂದು ಗುಟುಕಲ್ಲ, ಮೂರು ನಾಲ್ಕು ಗುಟುಕಿನಷ್ಟಿತ್ತು. ಕಣ್ಣು ಮುಚ್ಚಿ ಪೂರ್ತಿ ಕುಡಿದೆ. ಓಕರಿಕೆ ಗಂಟಲವರೆಗೆ ಬಂತು. ಹಲ್ಲು ಕಚ್ಚಿ ನುಂಗಿಕೊಂಡೆ.

ಹೊರಗೆ ಮೆಟ್ಟಿಲ ಹತ್ತಿರ ಸಮುವೇಲಪ್ಪನವರು ನನ್ನ ಮುಖವನ್ನೇ ನೋಡಿ ಕೇಳಿದರು. "ಅಸಹ್ಯ ಆಯ್ತಾ ನರ್ಸಮ್ಮ?"

"ಆಯ್ತು," ಎಂದೆ.

"ನಂಗೂ ಈ ಬಾಯಿ ಕಂಡ್ರೆ ಅಸಹ್ಯ. ಬೇರೆಯೋರೆಲ್ಲ ಅಸಹ್ಯ ಇಲ್ಲ ಇಲ್ಲ ಅಂತಾನೇ ಹಿಂದೆ ಸರೀತಾರೆ." ಅಷ್ಟು ಮಾತಿಗೇ ಅವರಿಗೆ ಸುಸ್ತಾಯಿತು.

ಈಸ್ಟರಾಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದೊಳಗೆ ಅವರು ತೀರಿಕೊಂಡರು. ಮಗ ಮಂಚವನ್ನು ಒಳಗೆ ತರಲಿಲ್ಲ, ಸತ್ತದ್ದು ಕೊಟ್ಟಿಗೆಯಲ್ಲೇ. ಸಮಾಧಿಗೆ ಮಾತ್ರ ಸಭೆಗೆ ಸಭೆಯೇ ಬಂದಿತ್ತು, ಹೂವಿನ ಹಾರಗಳ ಸಮೇತ. ಗ್ರೇಸಮ್ಮ ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡರು. "ನಿಮಗೆ ಅಸಹ್ಯಾನೇ ಆಗಲ್ಲ ಅಲ್ವಾ ಸಿಸ್ಟರ್? ಅದು ದೇವರು ಕೊಟ್ಟ ವರ. ನಮಗೆಲ್ಲ ಆ ಕರೆ ಇಲ್ಲ ನೋಡಿ."

ಕೆಲಸದಲ್ಲಿದ್ದಷ್ಟೂ ವರ್ಷ ಈ ಮಾತನ್ನು ಬೇರೆಬೇರೆ ಬಾಯಿಗಳಿಂದ ಕೇಳಿದ್ದೇನೆ. ಅಸಹ್ಯವಾಗದವರನ್ನೇ ದೇವರು ಕರೆಯುತ್ತಾನೆ ಎಂಬುದು ಕೂತಲ್ಲಿಂದ ಏಳದವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ನಂಬಿಕೆ ಎಂದು ವೃತ್ತಿ ನನಗೆ ಕಲಿಸಿತು. ಅಂದು ಗ್ರೇಸಮ್ಮನಿಂದ ಕೈ ಬಿಡಿಸಿಕೊಂಡು ಹೇಳಿದ್ದೂ ಅದನ್ನೇ.

"ಆಗುತ್ತೆ ಕಣ್ರೀ. ನಿಮಗೆ ಎಷ್ಟಾಗುತ್ತೋ, ನನಗೂ ಅಷ್ಟೇ ಆಗುತ್ತೆ."