ಮೂರರ ತಂತಿ, ಆರರ ಕಾವು

ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಹ್ಯಾಚರಿಯ ಗೇಟು ದಾಟಿ ಒಳಗೆ ಕಾಲಿಟ್ಟರೆ ಅವಳು ತಂತಿಯಕ್ಕ. ಐವತ್ತೊಂದು ವರ್ಷ, ಕುಳ್ಳಗಿನ ಆಳು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಸ್ಕ್ರೂಡ್ರೈವರ್. "ಮಲಗುವಾಗಲಾದ್ರೂ ಅದನ್ನ ತೆಗೆದಿಡೇ, ಚುಚ್ಚುತ್ತೆ," ಎಂದು ಗಂಡ ಮದುವೆಯಾದ ಎಷ್ಟೋ ವರ್ಷ ಗೊಣಗಿ, ಆಮೇಲೆ ಸುಮ್ಮನಾಗಿದ್ದ. ಅವನು ಅದೇ ಹ್ಯಾಚರಿಯಲ್ಲಿ ಮರಿ ಸಾಗಿಸುವ ವ್ಯಾನಿನ ಡ್ರೈವರ್. ಅವನ ಅಕ್ಕ, ಅಂದರೆ ತಂತಿಯಕ್ಕನ ಅತ್ತಿಗೆ, ಅಲ್ಲೇ ಮೊಟ್ಟೆ ಜೋಡಿಸುವ ಕೆಲಸದವಳು. ಮೊಟ್ಟೆಯ ತಟ್ಟೆ ತೊಳೆಯಲು ತಂತಿಯಕ್ಕನನ್ನು ಮೊದಲು ಕೈಹಿಡಿದು ಕರೆತಂದವಳೂ ಆಕೆಯೇ. ಮನೆಯ ಮೂರು ಜನರ ಅನ್ನ ಒಂದೇ ತಗಡಿನ ಛಾವಣಿಯ ಕೆಳಗೆ ಬೇಯುತ್ತಿತ್ತು.

ಕೋಳಿಗೇ ಕಾವು ಕೂರಲು ಪುರುಸೊತ್ತಿಲ್ಲದ ಕಾಲ ಇದು. ಆ ಕೆಲಸಕ್ಕೆ ಉದ್ದನೆಯ ಶೆಡ್ಡಿನಲ್ಲಿ ಎಂಟು ಯಂತ್ರಗಳು ಸಾಲಾಗಿ ನಿಂತಿದ್ದವು. ಒಂದೊಂದೂ ಆಳೆತ್ತರದ ಬೀರು, ಒಂದೊಂದರ ಹೊಟ್ಟೆಯಲ್ಲಿ ನಾಲ್ಕು ಸಾವಿರ ಮೊಟ್ಟೆ. ಮೂವತ್ತೇಳೂವರೆ ಡಿಗ್ರಿ ಕಾವು, ಇಪ್ಪತ್ತೊಂದು ದಿನ, ಆಮೇಲೆ ಮರಿ. ಒಂದು ಡಿಗ್ರಿ ಅತ್ತ ಇತ್ತ ಆದರೆ ಮರಿ ಕುಂಟುತ್ತದೆ, ಮೂರು ಡಿಗ್ರಿ ಏರಿದರೆ ಚಿಪ್ಪಿನೊಳಗೇ ಬೇಯುತ್ತದೆ. ಯಂತ್ರಗಳ ಮುಖದ ಮೇಲೆ ಕಾವು ತೋರಿಸುತ್ತಿದ್ದ ಅಂಕಿಗಳು ಯಾವ ಕಾಲದಲ್ಲೋ ಮಾಸಿಹೋಗಿದ್ದವು. ಗಾಜಿನ ಥರ್ಮಾಮೀಟರುಗಳು ಒಂದೊಂದಾಗಿ ಒಡೆದ ಮೇಲೆ ಯಾರೂ ಹೊಸದನ್ನು ತಂದಿರಲಿಲ್ಲ. ಏಕೆಂದರೆ ತಂತಿಯಕ್ಕ ಇದ್ದಳು. ಪ್ರತಿ ಯಂತ್ರದ ಬೆನ್ನಿನಲ್ಲಿದ್ದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನಿಂದ, ಅಂದರೆ ತಂತಿ ಸಿಕ್ಕಿಸುವ ಹಳೇ ಕಾಲದ ತೂತಿನಿಂದ, ಒಂದೊಂದು ತಂತಿ ಎಳೆದು, ಮೂಲೆಯ ಕೋಣೆಯ ಕಂಪ್ಯೂಟರಿಗೆ ಸೇರಿಸಿ, ಎಂಟೂ ಯಂತ್ರಗಳ ಕಾವು ಒಂದೇ ಪರದೆಯ ಮೇಲೆ ಕಾಣುವ ಹಾಗೆ ಮಾಡಿದ್ದಳು. ಯಾವ ಕಾಲೇಜಿಗೂ ಹೋಗದವಳು ಇದನ್ನು ಮಾಡಿದ್ದಳು ಎನ್ನುವುದು ಸಣ್ಣ ಮಾತಲ್ಲ. ಅವಳೂ ಅದನ್ನು ಸಣ್ಣ ಮಾತು ಎಂದುಕೊಂಡವಳಲ್ಲ. "ನನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅಂದ್ಲಂತೆ ಅಜ್ಜಿ, ಹಾಗಿದೆ ನಿನ್ನ ಕಥೆ," ಎಂದು ಅತ್ತಿಗೆ ಆಗಾಗ ಕಾಲೆಳೆಯುತ್ತಿದ್ದಳು.

ಆ ಕಂಪ್ಯೂಟರು ಒಂದು ದಿನ ಕಣ್ಣು ಮುಚ್ಚಿತು. ಯಜಮಾನರು ತಂದ ಹೊಸದರಲ್ಲಿ ಒಂಬತ್ತು ಪಿನ್ನಿನ ತೂತು ಒಂದೂ ಇರಲಿಲ್ಲ, ಇದ್ದದ್ದು ಬರೀ ಚಪ್ಪಟೆ ಬಾಯಿಯ ಯುಎಸ್‌ಬಿ. ಎಂಟು ತಂತಿಗಳು ಗಂಟುಮೂಟೆ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತ ನೆಂಟರ ಹಾಗೆ ಮೇಜಿನ ಮೇಲೆ ಬಿದ್ದಿದ್ದವು. ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ, ಹೊರಗಿನಿಂದ ಮರಿ ತರಿಸಿ ಮಾರಿದರಾಯಿತು ಎಂದರು ಯಜಮಾನರು. ತಂತಿಯಕ್ಕ ಕಾಲು ಹಿಡಿಯುವುದೊಂದು ಬಾಕಿ. ಎಲ್ಲೆಲ್ಲೋ ವಿಚಾರಿಸಿ ಒಂದು ಅಡಾಪ್ಟರ್ ತರಿಸಿದಳು. ಅಂಗೈ ಅಗಲದ ಕಬ್ಬಿಣದ ಪೆಟ್ಟಿಗೆ. ಒಂದು ಕಡೆ ಯುಎಸ್‌ಬಿಯ ಒಂದೇ ಬಾಲ, ಇನ್ನೊಂದು ಕಡೆ ಒಂಬತ್ತು ಪಿನ್ನಿನ ಎಂಟು ಬಾಯಿ.

"ಆಯ್ತು ತಂತಿಯಕ್ಕ, ನೋಡೋಣ," ಎಂದರು ಯಜಮಾನರು. "ಆದ್ರೆ ಈ ಹಳೇ ಯಂತ್ರಕ್ಕೂ ಹೊಸ ಕಂಪ್ಯೂಟರಿಗೂ ಹೊಂದಿಕೆ ಆಗ್ಲಿಲ್ಲ ಅಂದ್ರೆ ಇನ್ನೊಂದು ಮಾತಿಲ್ಲ. ಶೆಡ್ಡು ಖಾಲಿ."

ಶೆಡ್ಡು ಖಾಲಿ ಅಂದರೆ ಮೂವರ ಕೆಲಸವೂ ಖಾಲಿ. ಹೊರಗಿನ ಮರಿ ಹೊರಗಿನವರ ವ್ಯಾನಿನಲ್ಲೇ ಬರುತ್ತದೆ. ಅತ್ತಿಗೆಯ ವಯಸ್ಸಿನವಳನ್ನು ಬೇರೆ ಯಾರೂ ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ.

ಮೊದಲ ಸಲ ಜೋಡಿಸುವಾಗ ಅವಳು ಉಸಿರು ಬಿಗಿಹಿಡಿದು ಮಾಡಿದಳು. ಇಂಥ ಪೆಟ್ಟಿಗೆಗಳ ಒಂದು ಚಾಳಿ ಅವಳಿಗೆ ಬೇಗ ಗೊತ್ತಾಯಿತು: ಬಾಯಿಗಳ ಮೇಲೆ ಒಂದು, ಎರಡು, ಮೂರು ಎಂದು ಅಚ್ಚಾಗಿದ್ದರೂ ಕಂಪ್ಯೂಟರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ತನಗೆ ಯಾವುದು ಮೊದಲು ಸಿಕ್ಕಿತೋ ಅದಕ್ಕೆ ಮೊದಲ ನಂಬರು ಕೊಡುತ್ತದೆ. ಹಾಗಾಗಿ ಒಂದೊಂದೇ ತಂತಿ ಕಿತ್ತು, ಪರದೆಯ ಮೇಲೆ ಯಾವ ಯಂತ್ರದ ಅಂಕಿ ಆರಿತು ಎಂದು ನೋಡಿ, ಅದರಂತೆ ನಂಬರು ತುಂಬಿ, ಮತ್ತೆ ಸಿಕ್ಕಿಸಬೇಕು. ಅವಳು ಹಾಗೇ ಮಾಡಿದಳು. ಎರಡು ಸರದಿ ಮರಿಗಳು ಚಿಲಿಪಿಲಿಗುಟ್ಟುತ್ತ ವ್ಯಾನು ಹತ್ತಿದವು.

ಮೂರನೆಯ ಸರದಿಯ ಹದಿನೆಂಟನೆಯ ದಿನ ಬೆಳಿಗ್ಗೆ ಪರದೆಯ ಮೇಲಿನ ಅಂಕಿಗಳು ಎರಡು ಸಲ ಆರಿ ಹೊತ್ತಿದವು. ಪೆಟ್ಟಿಗೆಯ ಬಾಲ ಸಿಕ್ಕಿಸಿದ್ದ, ಕಂಪ್ಯೂಟರಿನ ಮುಂದಿನ ಯುಎಸ್‌ಬಿ ತೂತು ಸಡಿಲವಾಗಿತ್ತು. ಆ ಹೊತ್ತಿಗೆ ಸರಿಯಾಗಿ ಯಜಮಾನರು ಕೋಣೆಗೆ ಬಂದು ಅವಳ ಬೆನ್ನ ಹಿಂದೆ ನಿಂತರು.

"ಏನು, ಶುರುವಾಯ್ತಾ ತಕರಾರು?"

"ತಕರಾರೂ ಇಲ್ಲ, ಏನೂ ಇಲ್ಲ. ಚಿಟಿಕೆ ಹೊಡೆಯೋಷ್ಟರಲ್ಲಿ ಆಗುತ್ತೆ, ನೋಡ್ತಾ ಇರಿ," ಎಂದಳು.

ಬಾಲವನ್ನು ಮುಂದಿನಿಂದ ಕಿತ್ತು ಹಿಂದಿನ ತೂತಿಗೆ ಸಿಕ್ಕಿಸಿದಳು. ಕಂಪ್ಯೂಟರು ಅದೇ ಪೆಟ್ಟಿಗೆಯನ್ನು ಹೊಸಬರು ಯಾರೋ ಬಂದರು ಎಂದುಕೊಂಡು ಎಂಟು ಹೊಸ ನಂಬರು ಕೊಟ್ಟಿತು. ಒಂದೊಂದೇ ತಂತಿ ಕಿತ್ತು ನೋಡಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಹತ್ತು ನಿಮಿಷವೂ ಬೇಡ ಅದಕ್ಕೆ. ಆದರೆ ಹತ್ತು ನಿಮಿಷ ತಡಕಾಡುವುದನ್ನು ಯಜಮಾನರು ನೋಡಿದರೆ ಹೊಂದಿಕೆಯಾಗಲಿಲ್ಲ ಎಂದುಕೊಂಡಾರು. ಎಂಟೂ ನಂಬರುಗಳನ್ನು ಕಂಪ್ಯೂಟರು ಕೊಟ್ಟ ಸಾಲಿನಲ್ಲೇ ಟಕಟಕ ತುಂಬಿದಳು. ಎಂಟೂ ಯಂತ್ರಗಳ ಅಂಕಿ ಪರದೆಯ ಮೇಲೆ ಬಂದವು, ಎಂಟೂ ಮೂವತ್ತೇಳೂವರೆಯ ಆಸುಪಾಸು. ಯಜಮಾನರು ತಲೆದೂಗಿ ಹೋದರು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡದ್ದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಗಲಿಲ್ಲ.

ಊಟದ ಹೊತ್ತು ಕಳೆಯುವಾಗ ಮೂರನೆಯ ಯಂತ್ರದ ಅಂಕಿ ಏರತೊಡಗಿತು. ಮೂವತ್ತೆಂಟು. ಮೂವತ್ತೆಂಟೂವರೆ. ಹದಿನೆಂಟನೆಯ ದಿನ ಮೊಟ್ಟೆಯೊಳಗೆ ಬರೀ ಲೋಳೆ ಇರುವುದಿಲ್ಲ, ಮರಿ ಇರುತ್ತದೆ, ಅದಕ್ಕೆ ತನ್ನದೇ ಮೈಬಿಸಿ ಇರುತ್ತದೆ. ಗಾಳಿ ಆಡದಿದ್ದರೆ ನಾಲ್ಕು ಸಾವಿರ ಮರಿಗಳು ಒಂದನ್ನೊಂದು ಬೇಯಿಸುತ್ತವೆ. ತಂತಿಯಕ್ಕ ಓಡಿಹೋಗಿ ಮೂರನೆಯ ಯಂತ್ರದ ಗಾಳಿಕಿಂಡಿಗಳನ್ನೆಲ್ಲ ತೆರೆದಳು. ಕಾವಿನ ಸುರುಳಿಯ ಸ್ವಿಚ್ಚು ಆರಿಸಿದಳು. ವಾಪಸು ಬಂದು ನೋಡಿದರೆ ಮೂವತ್ತೊಂಬತ್ತು. ಮತ್ತೆ ಓಡಿದಳು. ಬಾಗಿಲನ್ನೇ ಹಾರು ಹೊಡೆದಿಟ್ಟು, ಎದುರಿಗೆ ಟೇಬಲ್ ಫ್ಯಾನು ತಂದು ನಿಲ್ಲಿಸಿದಳು. ಪರದೆಯಲ್ಲಿ ಮೂವತ್ತೊಂಬತ್ತೂವರೆ.

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ತೆರೆದ ಬಾಗಿಲಿನಿಂದ ಒಂದು ಮೊಟ್ಟೆ ಎತ್ತಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಒತ್ತಿಕೊಂಡಳು. ಯಂತ್ರಗಳು ಬರುವ ಮೊದಲಿನಿಂದ ಮೊಟ್ಟೆಯ ಕಸುಬಿನವರು ಕಾವು ನೋಡುತ್ತಿದ್ದದ್ದೇ ಹಾಗೆ. ಕೈ ಒರಟಾಗಿರುತ್ತದೆ, ಸುಳ್ಳು ಹೇಳಬಹುದು. ರೆಪ್ಪೆ ಎಳೆಯ ಚರ್ಮ, ಅದು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ನಂಬಿಕೆ.

"ಇದು ತಣ್ಣಗಿದೆ ಕಣೇ," ಎಂದಳು ಅತ್ತಿಗೆ.

"ಕಂಪ್ಯೂಟರ್ ಮೂವತ್ತೊಂಬತ್ತೂವರೆ ಅಂತಿದೆ, ನೀವು ತಣ್ಣಗಿದೆ ಅಂತೀರಿ!"

"ನಾನೆಲ್ಲಿ ಅಂದೆ, ರೆಪ್ಪೆ ಅಂತಿದೆ. ಬಾಗಿಲು ಹಾಕು, ಮರಿಗೆ ಚಳಿಯಾಗುತ್ತೆ."

"ನಿಮ್ಮ ರೆಪ್ಪೆಗೆ ವಯಸ್ಸಾಯ್ತು ಅತ್ತಿಗೆ. ಸುಮ್ನೆ ಆ ಕಡೆ ಹೋಗಿ. ನಂಗೆ ಕೈಕಾಲೇ ಆಡ್ತಿಲ್ಲ, ಇದರ ಮಧ್ಯೆ ನೀವೊಬ್ರು."

ಅತ್ತಿಗೆ ಮೊಟ್ಟೆಯನ್ನು ಅದರ ಗೂಡಿಗಿಟ್ಟು ಹೋದಳು. ನೊಂದುಕೊಂಡಳು ಎಂದು ಬೇರೆ ಹೇಳಬೇಕಾಗಿಲ್ಲ. ತಂತಿಯಕ್ಕ ಇನ್ನೂ ಒಂದು ಗಂಟೆ ಕೋಣೆಗೂ ಮೂರನೆಯ ಯಂತ್ರಕ್ಕೂ ನಡುವೆ ಹುಚ್ಚಿಯ ಹಾಗೆ ಓಡಾಡಿದಳು. ಒದ್ದೆ ಬಟ್ಟೆ ಹಿಂಡಿ ಬಾಗಿಲಿಗೆ ಹಾಸಿದಳು. ದೇವರನ್ನೂ ಬೈದಳು. ಪರದೆಯಲ್ಲಿ ನಲವತ್ತು ಆಯಿತು, ನಲವತ್ತೂವರೆ ಆಯಿತು. ಅವಳು ಮಾಡುವ ಯಾವುದೂ ಅದಕ್ಕೆ ತಟ್ಟುತ್ತಿರಲಿಲ್ಲ.

ಆಗ ಶೆಡ್ಡಿನ ಆ ತುದಿಯಿಂದ ಅತ್ತಿಗೆಯ ಕೂಗು ಕೇಳಿತು. "ಬಾರೇ ಇಲ್ಲಿ! ಆರನೇದು! ಆರನೇದು ಒಲೆ ಆಗಿದೆ!"

ಮೂರು ತಣ್ಣಗಿದ್ದರೆ ಬಿಸಿ ಎಲ್ಲಿಂದಲೋ ಬರಬೇಕಲ್ಲ ಎಂದು ಅತ್ತಿಗೆ ತನ್ನ ಪಾಡಿಗೆ ತಾನು ಒಂದೊಂದೇ ಯಂತ್ರದ ಬಾಗಿಲು ತೆರೆಯುತ್ತ ಹೋಗಿದ್ದಳು. ಆರನೆಯದರಲ್ಲಿ ಬಿಸಿಗಾಳಿ ಮುಖಕ್ಕೆ ರಾಚಿತ್ತು. ಒಳಗಿನ ಫ್ಯಾನಿನ ಬೆಲ್ಟು ಸಡಿಲವಾಗಿ, ರೆಕ್ಕೆಗಳು ಹೆಸರಿಗೆ ಮಾತ್ರ ತಿರುಗುತ್ತಿದ್ದವು. ತಂತಿಯಕ್ಕ ಕೋಣೆಗೆ ಓಡಿ, ಆರನೆಯ ಯಂತ್ರದ ತಂತಿಯನ್ನು ಪೆಟ್ಟಿಗೆಯಿಂದ ಕಿತ್ತಳು. ಪರದೆಯಲ್ಲಿ ಆರಿದ್ದು ಮೂರರ ಅಂಕಿ.

ಕಂಪ್ಯೂಟರು ಮೂರನ್ನೂ ಆರನ್ನೂ ಅದಲುಬದಲು ಮಾಡಿತ್ತು. ಅದು ಸರಿಯಾಗಿಯೇ ಎಚ್ಚರಿಸಿತ್ತು, ಹೆಸರು ಮಾತ್ರ ಬೇರೆಯವರದು. ಆರರ ಹೆಸರಿನಲ್ಲಿ ಇಳಿಯುತ್ತಿದ್ದ ಅಂಕಿಯ ಕಡೆ ಅವಳ ಕಣ್ಣೇ ಹೋಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಎರಡೂವರೆ ಗಂಟೆ ಅವಳು ಚೆನ್ನಾಗಿದ್ದ ಮರಿಗಳನ್ನು ಚಳಿಗೆ ಒಡ್ಡಿ, ಬೇಯುತ್ತಿದ್ದವುಗಳ ಮುಂದೆಯೇ ಹಾದುಹೋಗುತ್ತಿದ್ದಳು. ಬೆಲ್ಟು ಬಿಗಿ ಮಾಡಲು ಹಿಡಿದದ್ದು ಹತ್ತು ನಿಮಿಷ. ಆಮೇಲೆ ಓಡಿಹೋಗಿ ಮೂರರ ಬಾಗಿಲು ಮುಚ್ಚಿ, ಸುರುಳಿಯ ಸ್ವಿಚ್ಚು ಹಾಕಿದಳು. ಅತ್ತಿಗೆ ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಆಕೆ ಬೈಯಲಿಲ್ಲ, ಲೋಟದಲ್ಲಿ ನೀರು ತಂದುಕೊಟ್ಟಳು.

ಮುಂದಿನ ಮೂರು ದಿನ ತಂತಿಯಕ್ಕ ಉಂಡದ್ದು ಉಂಡ ಹಾಗಲ್ಲ, ಮಲಗಿದ್ದು ಮಲಗಿದ ಹಾಗಲ್ಲ. ದಿನಕ್ಕೆ ಹತ್ತು ಸಲ ಆರನೆಯ ಯಂತ್ರದ ಬಾಗಿಲಿಗೆ ಕಿವಿ ಇಟ್ಟಳು. ಮರಿ ಹೊರಬರುವ ಹಿಂದಿನ ದಿನ ಚಿಪ್ಪಿನೊಳಗಿಂದಲೇ ಕೂಗುತ್ತದೆ. ಒಂದರಲ್ಲಿ, ಎರಡರಲ್ಲಿ, ನಾಲ್ಕರಲ್ಲಿ, ಐದರಲ್ಲಿ, ಏಳರಲ್ಲಿ, ಎಂಟರಲ್ಲಿ ಗಲಾಟೆಯೋ ಗಲಾಟೆ. ಮೂರರಲ್ಲಿ ಅರ್ಧ ದಿನ ತಡವಾಗಿಯಾದರೂ ದನಿ ಕೇಳಿತು. ಆರರಲ್ಲಿ ಫ್ಯಾನಿನ ಸದ್ದೊಂದೇ. ಇಪ್ಪತ್ತೊಂದನೆಯ ದಿನ ಬಾಗಿಲು ತೆರೆದಾಗ ತಟ್ಟೆಗಳ ಮೇಲೆ ಮೊಟ್ಟೆಗಳು ಇಟ್ಟ ಹಾಗೇ ಇದ್ದವು, ಬಿಳಿಯಾಗಿ, ಒಂದು ಬಿರುಕೂ ಇಲ್ಲದೆ. ಅವಳು ಹತ್ತನ್ನು ಒಡೆದು ನೋಡಿದಳು. ಮರಿಗಳು ಪೂರ್ತಿ ಬೆಳೆದಿದ್ದವು, ಕೊಕ್ಕು, ಕಾಲು, ಹಳದಿ ತುಪ್ಪಳ ಎಲ್ಲ ಇತ್ತು. ಹನ್ನೊಂದನೆಯದನ್ನು ಒಡೆಯಲು ಅವಳಿಗೆ ಕೈ ಬರಲಿಲ್ಲ.

ಯಜಮಾನರು ಬಂದು ನೋಡಿದರು. ಬೈಗುಳ ಅವರ ಸ್ವಭಾವದಲ್ಲಿ ಇರಲಿಲ್ಲ. "ಆ ಪೆಟ್ಟಿಗೆ ಕೈಕೊಡ್ತಾ?" ಎಂದು ಮಾತ್ರ ಕೇಳಿದರು.

ಹೌದು ಎಂದುಬಿಟ್ಟಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತು, ಯಂತ್ರಗಳು ಗುಜರಿ ಸೇರುತ್ತಿದ್ದವು. ಅವಳು ಮೂರು ದಿನ ಯೋಚಿಸಿದ್ದೂ ಇದನ್ನೇ. ತಾನು ಹೋದರೆ ಹೋಗಲಿ, ಶೆಡ್ಡು ಉಳಿಯಬೇಕು, ಗಂಡ ಮತ್ತು ಅತ್ತಿಗೆಯ ಕೆಲಸ ಉಳಿಯಬೇಕು.

"ಪೆಟ್ಟಿಗೆ ಚೆನ್ನಾಗಿದೆ. ಯಂತ್ರಾನೂ ಚೆನ್ನಾಗಿದೆ. ಬೆಲ್ಟು ಯಾವ ಯಂತ್ರದಲ್ಲಾದ್ರೂ ಸಡಿಲ ಆಗುತ್ತೆ. ತಪ್ಪು ನಂದು. ತಂತಿ ಕಿತ್ತು ನೋಡ್ಬೇಕಿತ್ತು, ನಿಮ್ಮೆದುರು ದೊಡ್ಡಸ್ತಿಕೆ ತೋರ್ಸೋಕೆ ಹೋದೆ. ನನ್ನನ್ನ ಕಳಿಸಿಬಿಡಿ. ಯಂತ್ರಕ್ಕೆ ಏನೂ ಮಾಡ್ಬೇಡಿ."

ಯಜಮಾನರು ಒಡೆದ ಮೊಟ್ಟೆಗಳ ತಟ್ಟೆಯನ್ನು ಒಳಗೆ ತಳ್ಳಿ ಬಾಗಿಲು ಹಾಕಿದರು.

"ನಿಮ್ಮನ್ನ ಕಳಿಸಿದ್ರೆ ಈ ತಂತಿ ನೋಡ್ಕೊಳ್ಳೋರು ಯಾರು?"

ಆ ಪ್ರಶ್ನೆ ಅವಳ ಲೆಕ್ಕದಲ್ಲೇ ಇರಲಿಲ್ಲ. ಯಜಮಾನರು ಪಕ್ಕದಲ್ಲಿ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದರು. "ನಿಮಗೆ ಬರುತ್ತಾ?"

"ಇಲ್ಲ. ಹೇಳಿಕೊಡು ಅಂತ ಕೇಳಿದ್ದೆ," ಎಂದಳು ಅತ್ತಿಗೆ. "ಒಂದಲ್ಲ, ಮೂರ್ನಾಲ್ಕು ಸಲ ಕೇಳಿದ್ದೆ. ನಿಮಗ್ಯಾಕೆ ಅತ್ತಿಗೆ ಆ ತಲೆನೋವು ಅಂದ್ಲು."

ಚಾಡಿಯಲ್ಲ ಅದು, ಇದ್ದದ್ದು ಇದ್ದ ಹಾಗೆ ಹೇಳಿದ್ದು. ಅತ್ತಿಗೆ ಕೇಳಿದ್ದಳು, ಡ್ರೈವರ್ ಗಂಡನೂ ಕೇಳಿದ್ದ. ಯಾರಾದರೂ ಕೋಣೆಗೆ ಬಂದರೆ ತಂತಿಯಕ್ಕ ಪರದೆಗೆ ಬೆನ್ನು ಅಡ್ಡ ಕೊಟ್ಟು ನಿಲ್ಲುತ್ತಿದ್ದಳು. ಗೊತ್ತಿರುವವರು ಇಬ್ಬರಾದರೆ ತಾನು ಮತ್ತೆ ತಟ್ಟೆ ತೊಳೆಯುವವಳಾಗುತ್ತೇನೆ ಎನ್ನುವ ಭಯ ತಟ್ಟೆ ಬಿಟ್ಟು ತಂತಿ ಹಿಡಿದ ದಿನದಿಂದ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ.

"ನಿಮ್ಮಂಥೋರೇ ತಪ್ಪಿದ್ರೆ, ಬೇರೆ ಯಾರಿಗೂ ಗೊತ್ತೇ ಇಲ್ಲ ಅಂದ್ರೆ, ನಾನು ಯಾರನ್ನ ನಂಬ್ಲಿ ಹೇಳಿ," ಎಂದರು ಯಜಮಾನರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿತು. "ಮರಿಗಳನ್ನ ಕಳಿಸಿಬಿಡಿ. ಇದೇ ಕೊನೇ ಸರದಿ."

"ಈಗಲೇ ಕಲಿಸ್ತೀನಿ! ಇವತ್ತೇ ಕಲಿಸ್ತೀನಿ!" ಎಂದು ಅವಳು ಕೂಗಿಕೊಂಡಳು. ಅವರು ಅಂಗಳಕ್ಕೆ ಇಳಿದಾಗಿತ್ತು. ಅವಳು ಅತ್ತಿಗೆಯ ಮೊಣಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋದಳು, ಕುರ್ಚಿಯಲ್ಲಿ ಕೂರಿಸಿದಳು, ಪರದೆಯನ್ನು ಆಕೆಯ ಕಡೆ ತಿರುಗಿಸಿದಳು. "ನೋಡಿ ಅತ್ತಿಗೆ, ಒಂದನೇ ತಂತಿ ಕೀಳಿ. ಯಾವ ಅಂಕಿ ಆರ್ತು? ಅಲ್ಲಿ ಒಂದು ಅಂತ ಒತ್ತಿ. ಈಗ ಸಿಕ್ಸಿ. ಎರಡನೇದು ಕೀಳಿ." ಕಿಟಕಿಯಾಚೆ ಯಜಮಾನರು ಫೋನಿನಲ್ಲಿ ಯಾರಿಗೋ "ಎಂಟು, ಹೌದು, ಎಂಟೂ ಕಬ್ಬಿಣದ್ದೇ," ಎನ್ನುತ್ತಿದ್ದರು. ಅತ್ತಿಗೆ ಕೀಳುತ್ತ, ಒತ್ತುತ್ತ, ಸಿಕ್ಕಿಸುತ್ತ ಹೋದಳು. ಐದರ ನಂತರ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಎಂಟೂ ಮುಗಿಸಿ, ಮುಂದಿನದು ಏನು ಎನ್ನುವ ಹಾಗೆ ತಲೆಯೆತ್ತಿ ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ ಅತ್ತಿಗೆ," ಎಂದು ತಂತಿಯಕ್ಕ ಅತ್ತಳು.