ತಿರುಗಿಸಿದ ಗೋಡೆ

ಹೋದ ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಸ್ವಲ್ಪ ಮೊದಲು, ನಾನು ಠಾಣೆಯ ಪಕ್ಕದ ಕಳವಾ ಸ್ಟೇಷನ್ನಿನ ಪೂರ್ವದ ಕಡೆಯ ಮೆಟ್ಟಿಲುಗಳ ಕೆಳಗೆ ನಿಂತಿದ್ದೆ. ಖಾಡಿಯ ಹಿನ್ನೀರು ಸಮುದ್ರದ ಭರತಕ್ಕೆ ಉಕ್ಕಿ ಗಟಾರದ ಬಾಯಿಂದ ರಸ್ತೆಗೆ ಬರುತ್ತಿತ್ತು. ಎದುರಿನ ಅಂಗಡಿಯ ಇಬ್ಬರು ಆಳುಗಳು ಮಣ್ಣು ತುಂಬಿದ ಗೋಣಿಚೀಲಗಳನ್ನು ಬಾಗಿಲಿಗೆ ಅಡ್ಡವಾಗಿ ಎಸೆಯುತ್ತಿದ್ದರು. ನೆನೆದ ಗೋಣಿಯ ವಾಸನೆ ಬಂತು. ಹಸಿ ಮಣ್ಣು, ಸೆಣಬು, ಮೂಲೆಯಲ್ಲಿ ಉಳಿದು ಕೊಳೆತ ನಾಲ್ಕು ಗೋಧಿಕಾಳು... ನನಗೆ ಮುಂದಕ್ಕೆ ಹೋಗಲಾಗಲಿಲ್ಲ.

ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಬ್ಬರೇ. ಎಪ್ಪತ್ತರ ದಶಕದ ನಡುವೆ ನಾವಿದ್ದ ಕಳವಾದ ಚಾಳಿನಲ್ಲಿ, ಸಾಲುಮನೆಗಳ ಕೊನೆಯ ಖೋಲಿಯ ಅಜ್ಜ.

ಅವರು ಬೆಳಗಾವಿ ಕಡೆಯವರು. ವಯಸ್ಸು ಎಂಬತ್ತರ ಹತ್ತಿರ. ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸಕ್ಕಿದ್ದ ಅಳಿಯನ ಮನೆಯಲ್ಲಿ, ಮಗಳ ಜೊತೆ ಇದ್ದರು. ನಾನು ಉಡುಪಿ ಕಡೆಯಿಂದ ಬಂದವನು, ಹೊಸದಾಗಿ ಮದುವೆಯಾದವನು, ಠಾಣೆಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್.

ಮಳೆಗಾಲದಲ್ಲಿ ನಮ್ಮ ಚಾಳಿಗೆ ನೀರು ನುಗ್ಗುತ್ತಿತ್ತು. ಉಳಿದವರು ಚೀಲಗಳನ್ನು ಬಾಗಿಲ ಮುಂದೆ ರಾಶಿ ಹಾಕುತ್ತಿದ್ದರು. ಅಜ್ಜ ಕಟ್ಟುತ್ತಿದ್ದರು. ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಚೀಲದ ಬಾಯಿ ಒಳಮುಖವಾಗಿ, ಪ್ರತಿಯೊಂದನ್ನೂ ಹಲಗೆಯಿಂದ ಬಡಿದು. ಆದರೆ ನಾವು ನಿಂತು ನೋಡುತ್ತಿದ್ದದ್ದು ಮಳೆ ಮುಗಿದ ಮೇಲೆ ಅವರು ಅದನ್ನು ಬಿಚ್ಚುವ ರೀತಿಯನ್ನು. ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಒಂದೊಂದು ಚೀಲ ಎತ್ತುವ ಮೊದಲು ಅದರ ಹಿಂದೆ ಕೈ ಹಾಕಿ ತಡವಿ ನೋಡುತ್ತಿದ್ದರು.

ಚಾಳಿನ ಮೂಲೆಯಲ್ಲಿ ಹೋಟೆಲಿಟ್ಟಿದ್ದ ಭಟ್ರು ಪ್ರತಿ ವರ್ಷ ಕೇಳುತ್ತಿದ್ದರು.

“ಎಂತ ಅಜ್ಜಾ, ಹಿಂದೆ ಬಂಗಾರ ಉಂಟಾ?”

“ಬಂಗಾರ ಇದ್ದಿದ್ರ ನಿಮ್ಮ ನೀರ ಸಾಂಬಾರ ಯಾಕ ಉಣ್ತಿದ್ದೆ, ಭಟ್ರ?”

ಇನ್ನೊಂದು ವಿಷಯವೂ ಇತ್ತು. ಪಕ್ಷದ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಅವರ ಮನೆಯಲ್ಲಿ ಎರಡು ಎಲೆ ಹಾಕುತ್ತಿದ್ದರು. ಒಂದು ಒಳಗೆ, ಹೋಳಿಗೆ, ಅನ್ನ, ಬದನೆಕಾಯಿ ಪಲ್ಯದ್ದು. ಇನ್ನೊಂದು ಹೊಸ್ತಿಲ ಹೊರಗೆ. ಅದರ ಮೇಲೆ ಹೋಳಿಗೆಯ ಪಕ್ಕದಲ್ಲಿ ಬೇಕರಿಯಿಂದ ತಂದ ಒಂದು ಪಾವ್. ಸತ್ತ ತಮ್ಮನಿಗೋ ಯಾರಿಗೋ ಪಾವ್ ಇಷ್ಟವಿತ್ತೇನೋ ಎಂದುಕೊಂಡಿದ್ದೆವು.

ಒಂದು ಚಳಿಗಾಲ ನಮ್ಮ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಜರ್ಮನಿಯಿಂದ ಒಬ್ಬ ಇಂಜಿನಿಯರ್ ಬಂದ. ಅದನ್ನು ಅಜ್ಜನಿಗೆ ಹೇಳಿದೆ, ಸುಮ್ಮನೆ ಸುದ್ದಿಯೆಂದು. ಅವರು ಆತನ ಊರಿನ ಕಡೆ ಯಾವುದು ಎಂದು ಕೇಳಿದರು. ವೆಸ್ಟ್‌ಫಾಲಿಯಾ ಎಂದೆ. ಆಮೇಲಿನ ಕೆಲವು ಭಾನುವಾರಗಳಲ್ಲಿ ಅಜ್ಜ ತಮ್ಮ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿದರು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನಲ್ಲಿದ್ದರು. ಬ್ರಿಟಿಷರ ಸೈನ್ಯದಲ್ಲಿ ಕಂದಕ ತೋಡುವ ಪಲ್ಟನ್. ಎದುರಿಗೆ ಇದ್ದದ್ದು ವೆಸ್ಟ್‌ಫಾಲಿಯಾದವರ ಕಾಲ್ದಳದ ಡಿವಿಷನ್, ಬಹಳ ಜನ ಕಲ್ಲಿದ್ದಲು ಗಣಿಯವರು ಎಂದು ಸಾಹೇಬರು ಹೇಳಿದ್ದರಂತೆ. ಎರಡೂ ಕಡೆಯ ಕಂದಕದಲ್ಲಿ ಮೊಣಕಾಲುದ್ದ ನೀರು. ಬೆಳಿಗ್ಗೆ ಎರಡೂ ಕಡೆಯವರು ಬಕೆಟ್ಟಿನಿಂದ ನೀರು ಹೊರಗೆ ಚೆಲ್ಲುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಬಕೆಟ್ಟಿಗೆ ಯಾರೂ ಗುಂಡು ಹೊಡೆಯುತ್ತಿರಲಿಲ್ಲ. ಎದುರಿನ ಒಬ್ಬ ಚೆಲ್ಲುವ ಮೊದಲು ಬಕೆಟ್ಟನ್ನು ಒಮ್ಮೆ ಮೇಲಕ್ಕೆ ಎತ್ತುತ್ತಿದ್ದ, ರಾಮ್ ರಾಮ್ ಎನ್ನಲು ಕೈ ಎತ್ತಿದ ಹಾಗೆ. ಇವರೂ ಎತ್ತುತ್ತಿದ್ದರು.

ನಂತರ ನಮ್ಮವರು ಆ ಕಂದಕವನ್ನು ಹಿಡಿದರು. ಹಿಂದಿನಿಂದ ಅಜ್ಜನ ಪಲ್ಟನ್ ಹೋಯಿತು. ಹಿಡಿದ ಕಂದಕದ ಮಣ್ಣುಚೀಲದ ಗೋಡೆ ನಮ್ಮ ಕಡೆಗೆ ಮುಖ ಮಾಡಿರುತ್ತದೆ. ಅದನ್ನು ಕಿತ್ತು ಬೆಳಕಾಗುವುದರೊಳಗೆ ಶತ್ರುವಿನ ಕಡೆಗೆ ಕಟ್ಟಬೇಕು. ಗೋಡೆ ತಿರುಗಿಸುವುದು ಎಂದರೆ ಅದು. ಚೀಲ ಸಾಲಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಎಂದು ಹುಕುಂ ಬಂತು. ಅಲ್ಲಿ ಬಕೆಟ್ ಎತ್ತುತ್ತಿದ್ದ ಆ ಮನುಷ್ಯ ಸತ್ತು ಬಿದ್ದಿದ್ದ, ಬಕೆಟ್ ಮೈ ಕೆಳಗೆ...

“ನಾನಽ ಅವನ್ನ ಗೋಡ್ಯಾಗ ಇಟ್ಟೆ ತಮ್ಮಾ. ಮುಂದ ಒಂದ ಸಾಲ ಚೀಲ, ಹಿಂದ ಒಂದ ಸಾಲ. ಮ್ಯಾಲೆ ಹಲಗೀಲೆ ಬಡದೆ.”

ಕೆಲವು ದಿನಗಳ ನಂತರ ಜರ್ಮನರು ಕಂದಕವನ್ನು ಮರಳಿ ಹಿಡಿದರು. ಅಷ್ಟರ ಮುಂದೆ ಅಜ್ಜನಿಗೆ ತಿಳಿಯದು. ಅವರಿಗೆ ಬೇಕಾಗಿದ್ದದ್ದು ಒಂದೇ ಮಾತು. ಹಿಡಿದವರು ಗೋಡೆಯನ್ನು ಮತ್ತೆ ತಿರುಗಿಸಿದರೋ ಇಲ್ಲವೋ. ತಿರುಗಿಸಿದ್ದರೆ ಪ್ರತಿ ಚೀಲಕ್ಕೂ ಕೈ ಹಾಕಿರಬೇಕು. ಕೈ ಹಾಕಿದ್ದರೆ ತಮ್ಮವನು ಸಿಕ್ಕಿರಬೇಕು. ಅವನನ್ನು ತಮ್ಮ ಪದ್ಧತಿಯಂತೆ ಮಣ್ಣಿಗೆ ಕೊಟ್ಟಿರಬೇಕು.

ನಾನು ಇಂಜಿನಿಯರ್‌ನನ್ನು ಕೇಳಿದೆ. ಅವನ ತಂದೆ ಅದೇ ಡಿವಿಷನ್ನಿನಲ್ಲಿದ್ದು ಬದುಕಿ ಬಂದವನು. ಡಿವಿಷನ್ನಿನ ಕಾಳಗಗಳ ಇತಿಹಾಸವೆಂದು ಒಂದು ದಪ್ಪ ಪುಸ್ತಕ ಅವರ ಮನೆಯಲ್ಲಿತ್ತು. ರಜೆಗೆ ಊರಿಗೆ ಹೋದಾಗ ಓದಿ ಬರುತ್ತೇನೆ ಎಂದ. ಆ ಇಡೀ ಮಳೆಗಾಲ ಅಜ್ಜ ನಾನು ಕೆಲಸದಿಂದ ಬರುವ ಹೊತ್ತಿಗೆ ಹೊಸ್ತಿಲ ಮೇಲೆ ಕೂತಿರುತ್ತಿದ್ದರು.

ಇಂಜಿನಿಯರ್ ಮರಳಿದ ಮೇಲೆ, ಪಕ್ಷದ ಅಮಾವಾಸ್ಯೆಯ ದಿನ ಮಧ್ಯಾಹ್ನ, ವರ್ತಕ ನಗರದ ಅವನ ಬಿಡಾರದಿಂದ ಕರೆತಂದೆ. ಬೂಟು ಕಳಚಿ ಚಾಪೆಯ ಮೇಲೆ ಕೂತ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಯಾವ ರೆಜಿಮೆಂಟು ಮುಂದೆ ಇತ್ತು, ತೋಪುಗಳು ಎಲ್ಲಿದ್ದವು, ಕಂದಕ ಹೇಗೆ ಮರಳಿ ಸಿಕ್ಕಿತು. ಅಜ್ಜ ಕೇಳಿದ್ದು ಒಂದೇ.

“ಗೋಡಿ?”

ಪುಸ್ತಕದಲ್ಲಿದ್ದದ್ದನ್ನು ಅವನು ಹೇಳಿದ. ಕಂದಕ ನೀರಿನಲ್ಲಿ ಕುಸಿದಿತ್ತು, ಉಳಿಸಿಕೊಳ್ಳಲು ಯೋಗ್ಯವಾಗಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟು ಹಿಂದೆ ಹೊಸ ಸಾಲು ತೋಡಿದರು. ಬೇರೆ ಏನಾದರೂ ಹೇಳಲೇ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಆದರೆ ಅಜ್ಜ ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಅವನ ಮುಖವನ್ನು. ಇದ್ದದ್ದನ್ನೇ ಹೇಳಿದೆ.

“ಹಂಗಾರ ಅಂವ ಇನ್ನೂ ನಾ ಇಟ್ಟಲ್ಲೇ ಅದಾನ,” ಎಂದರು.

ಮಗಳು ಸೆರಗು ಬಾಯಿಗೆ ಹಿಡಿದು ನಿಂತಳು. ಅಜ್ಜ ಎದ್ದು, ನೀರಿನ ತಂಬಿಗೆ ತಂದು, ಹೊಸ್ತಿಲ ಹೊರಗಿನ ಎಲೆಯ ಮುಂದೆ ಇಂಜಿನಿಯರ್‌ನನ್ನು ಕೂರಿಸಿದರು.

“ನಿಮ್ಮ ಕಡ್ಯಾಂವ. ನೀರ ನೀವು ಬಿಡ್ರಿ. ನನ್ನ ಕೈಲೆ ಅವಂಗ ಆಗೂದೆಲ್ಲಾ ಆಗೇತಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಅವನಿಗೆ ತಿಳಿಯಿತು. ಎಡೆಯ ಸುತ್ತ ನೀರು ಬಿಟ್ಟ. ನೀರು ಹೆಚ್ಚಾಗಿ ಚೆಲ್ಲಿ ಪಾವ್ ಒಂದು ಬದಿ ನೆನೆಯಿತು.

ಮಳೆ ಪೂರ್ತಿ ನಿಂತ ಮೇಲೆ ಚೀಲ ಬಿಚ್ಚಲು ಅಜ್ಜ ನನ್ನನ್ನು ಕರೆದರು. ತಾವು ಹೊಸ್ತಿಲ ಮೇಲೆ ಕೂತರು.

“ನೀ ಬಿಚ್ಚು ತಮ್ಮಾ. ಹಿಂದ ಕೈ ಹಾಕಿ ನೋಡಿ ಬಿಚ್ಚು.”

ಪ್ರತಿಯೊಂದರ ಹಿಂದೆಯೂ ಕೈ ಹಾಕಿದೆ. ಪ್ರತಿ ಸಲವೂ ಅವರು ನನ್ನ ಮುಖ ನೋಡಿದರು. ಪ್ರತಿ ಸಲವೂ ನಾನು ತಲೆಯಾಡಿಸಿದೆ, ಏನೂ ಇಲ್ಲ ಎಂದು... ಮರುವರ್ಷದ ಮಳೆಯನ್ನು ಅವರು ಕಾಣಲಿಲ್ಲ.

ಹೋದ ಜುಲೈಯಲ್ಲಿ ಆ ಅಂಗಡಿಯ ಮುಂದೆ ನಾನು ಬಗ್ಗಿ, ಹೊರಸಾಲಿನ ಒಂದು ಚೀಲದ ಹಿಂದೆ ಕೈ ಹಾಕಿದೆ. “ಕಾಯ್ ಝಾಲಂ, ಕಾಕಾ?” ಏನಾಯಿತು ಎಂದು ಆಳು ಕೇಳಿದ. ಏನಿಲ್ಲ ಎಂದೆ. ತಣ್ಣಗಿನ ನೀರು ಮಾತ್ರ ಇತ್ತು. ಚಾಳು ಈಗಿಲ್ಲ. ಅಜ್ಜನ ಹಾಗೆ ಚೀಲ ಬಡಿಯುವ ಸದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಅಂದು ನೀರು ಬಿಟ್ಟದ್ದನ್ನು ಕಂಡವರಲ್ಲಿ, ಬಾಳೆಲೆ ತಂದುಕೊಟ್ಟು ಅಲ್ಲೇ ನಿಂತಿದ್ದ ಭಟ್ರು ತೀರಿಕೊಂಡರು. ಜರ್ಮನಿಯಿಂದ ಕೆಲವು ವರ್ಷ ಕ್ರಿಸ್ಮಸ್ ಕಾರ್ಡುಗಳು ಬಂದವು, ಆಮೇಲೆ ಬರಲಿಲ್ಲ. ಅಜ್ಜನ ಮಗಳು ವಿಠ್ಠಲವಾಡಿಯಲ್ಲಿ ತನ್ನ ಮಗನ ಮನೆಯಲ್ಲಿದ್ದಾಳೆ. ಬಾಗಿಲ ಬಳಿ ನಿಂತು ನೋಡಿದ ನನ್ನ ಹೆಂಡತಿ ಇದ್ದಾಳೆ. ನಾನಿದ್ದೇನೆ.