ಕಿವಿಗೆ ಹಿಡಿದ ಗೂಡು

ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಮೆಷಿನ್ ಪಕ್ಕ ವರ್ಷಗಟ್ಟಲೆ ನಿಂತವಳು ನಾನು. ಕಿವಿಗೆ ಹತ್ತಿ ಇಟ್ಟುಕೊಂಡರೆ, ಕರೆದದ್ದು ಕೇಳಿಸುವುದಿಲ್ಲವೆಂದು ಸೂಪರ್‌ವೈಸರ್ ತೆಗೆಸುತ್ತಿದ್ದ. ಒಂದು ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಎರಡೂ ಕಿವಿಯಲ್ಲಿ ಸುಯ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಕನಕಪುರದ ಡಾಕ್ಟರು ಕಿವಿಗೆ ಟಾರ್ಚು ಬಿಟ್ಟು ನೋಡಿ, "ಇದು ಹೋಗಲ್ಲಮ್ಮ, ಅಭ್ಯಾಸ ಮಾಡ್ಕೊಳ್ಳಿ" ಅಂದರು. ಮೈಯೆಲ್ಲ ಉರಿದುಹೋಯಿತು. ಅಭ್ಯಾಸ ಮಾಡಿಕೊಳ್ಳಲು ಇದೇನು ಹೊಸ ಚಪ್ಪಲಿಯೇ?

ಕೆಲಸ ಬಿಟ್ಟು ಅತ್ತೆಯ ಜೊತೆ ರೇಷ್ಮೆ ಹುಳ ಸಾಕಲು ನಿಂತೆ. ಕಿವಿಯ ವಿಷಯ ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ಬೆಳ್ಳುಳ್ಳಿ ಎಣ್ಣೆ, ಕಬ್ಬಾಳಮ್ಮನಿಗೆ ಹರಕೆ, ಊರೆಲ್ಲ ಸುದ್ದಿ. ಅತ್ತೆಗೆ ಆಗಲೇ ಕಿವಿ ಮಂದ. ಹುಳದ ಮನೆಯಲ್ಲಿ ಕೇಳಿ ತಿಳಿಯಬೇಕಾದ್ದಕ್ಕೆಲ್ಲ ನನ್ನನ್ನೇ ನಂಬಿದ್ದರು.

ಹುಳ ಕೊನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತಿರುತ್ತದೆ. ಆ ಸದ್ದಿನಲ್ಲಿ ನನ್ನ ಸುಯ್ ಮುಳುಗಿಹೋಗುತ್ತಿತ್ತು. ಒಂದು ಮಧ್ಯಾಹ್ನ ಗೋಡೆಗೊರಗಿ, ಕಣ್ಣು ಮುಚ್ಚಿ, ಹಾಯಾಗಿ ಕೇಳುತ್ತ ಕೂತಿದ್ದೆ. ಅತ್ತೆ ಬಂದು ಭುಜ ಅಲ್ಲಾಡಿಸಿದರು.

"ಏನಮ್ಮಿ, ಹುಳ ತಲೆ ಎತ್ಕೊಂಡು ಕುಂತವೆ. ಬರೀ ಕಡ್ಡಿ ಉಳ್ದೈತೆ. ಸದ್ದು ನಿಂತಿದ್ದು ಗೊತ್ತಾಗ್ನಿಲ್ವಾ?"

ಹುಳ ಮೇಯುವುದನ್ನು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ, ನಾನು ನನ್ನ ಕಿವಿಯನ್ನೇ ಕೇಳುತ್ತ ಕೂತಿದ್ದೆ. ಅಳು ಬಂತು. ಎಲ್ಲ ಹೇಳಿಬಿಟ್ಟೆ, ಅದೂ ಅವರಿಗೆ ಕೇಳುವಂತೆ ಕೂಗಿ.

"ನಂಗೆ ಇರೋದೇ ಕೇಳಾಕಿಲ್ಲ, ನಿಂಗೆ ಇಲ್ದಿರೋದೂ ಕೇಳ್ತದೆ. ಚೆಂದಾಗೈತೆ ಬುಡು" ಎಂದು ಅತ್ತೆ ಸೊಪ್ಪು ತರಲು ಹೋದರು. ನನಗೆ ಮಾತ್ರ ಆವತ್ತಿನಿಂದ ಗೂಡು ಬಿಡಿಸುವ ದಿನದ್ದೇ ಭಯ.

ಹುಳ ಗೂಡು ಕಟ್ಟಿದ ಮೇಲೆ ಅಲ್ಲಲ್ಲಿ ಒಂದೊಂದನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಒಳಗಿನ ಹುಳ ಕೋಶವಾಗಿ ಬಲಿತಿದ್ದರೆ ಗಿಲಕ್ ಅನ್ನುತ್ತದೆ. ಅನ್ನುವ ಮೊದಲೇ ಬಿಡಿಸಿದರೆ ಎಳೆಯದು ಒಡೆದು ಗೂಡೆಲ್ಲ ಕಲೆ. ಅಂಥದ್ದನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ಆ ದಿನ ಬಂದೇ ಬಂತು. ಬಿಡಿಸಲು ಬಂದ ಹೆಂಗಸರು ಜಗಲಿಯಲ್ಲಿ ಕಾಯುತ್ತಿದ್ದರು. ಟೆಂಪೊಗೆ ಹೇಳಿಬಂದಿದ್ದ ನನ್ನ ಗಂಡ, "ಒಂದೆಲ್ಡು ಕುಯ್ದು ನೋಡನ ಬುಡವ್ವ" ಎಂದರು.

"ಕುಯ್ದ್ರೆ ಆ ಎಲ್ಡರ ಸಂಗ್ತಿ ಗೊತ್ತಾಯ್ತದೆ. ಮಿಕ್ಕಿದ್ದು?" ಎಂದ ಅತ್ತೆ ಗೂಡೊಂದನ್ನು ಕಿತ್ತು ನನ್ನ ಕೈಗಿಟ್ಟರು. "ನೀನೇ ಯೇಳಮ್ಮಿ."

ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸುಯ್. ಮತ್ತೆ ಅಲ್ಲಾಡಿಸಿದೆ. ಅದೇ ಸುಯ್. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಸುಯ್ ಒಂದು ಗಳಿಗೆ ನಿಂತರೆ ಸಾಕು ಎಂದು ಕಾಯುತ್ತಿದ್ದೆ. ಕಾದಷ್ಟೂ ಜೋರಾಯಿತು. ಕೊನೆಗೆ ಸಿಟ್ಟು ಬಂತು. ಬೊಗಳಿಕೋ ಹೋಗು ಎಂದು ಅದನ್ನು ಅದರ ಪಾಡಿಗೆ ಬಿಟ್ಟು, ಬೆರಳ ನಡುವಿನ ಗೂಡಿನ ಮೇಲೆ ಗಮನ ಇಟ್ಟೆ.

ಗಿಲಕ್.

ಆ ಮೂಲೆಯಿಂದೊಂದು, ಈ ಮೂಲೆಯಿಂದೊಂದು ಕಿತ್ತು ನೋಡಿದೆ. ಎಲ್ಲವೂ ಗಿಲಕ್ ಎಂದವು.

ಅತ್ತೆ ಹತ್ತಿರ ಬಂದು, "ನಿನ್ನ ಕಿವೀದು ನಿಂತೋಯ್ತಾ?" ಎಂದರು.

"ಇಲ್ಲ ಕಣತ್ತೆ, ಐತೆ" ಎಂದು ಕೂಗಿದೆ. "ಅದೂ ಐತೆ, ಇದೂ ಕೇಳ್ತದೆ. ಬಿಡಿಸ್ಲಿ."